ಹಿಂದಿರುಗಿದ ಹನ್ನೊಂದು ಕಾಗದಗಳು

ಜ್ಯೇಷ್ಠ ಮಾಸದ ಶುಕ್ಲ ಸಪ್ತಮಿಯ ಬೆಳಿಗ್ಗೆ ನಾನು ಬಸದಿಯಿಂದ ಬಂದು, ಕೈಗೆ ಹತ್ತಿದ್ದ ಗಂಧ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತೆ. ಹಿಂದಿನ ಸಂಜೆ ತಂಗಿ ಚಂಪಾಬಾಯಿಗೆ ಬರೆದ ಕಾಗದ ನನಗೇ ಹಿಂದಿರುಗಿ ಬಂದಿತ್ತು. ಅದರ ತಲೆಯ ಮೇಲೆ ಒಂದೇ ವಾಕ್ಯ: "ಈ ಕಾಗದ ತಲುಪಲಿಲ್ಲ." ನಾನು ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು. ಆ ವಾಕ್ಯವನ್ನು ನಾಲ್ಕು ಸಲ ಓದಿದೆ. ಎಲ್ಲಿಯಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ.

"ಮಾವಾರ, ಹಾಲು ಆರಾಕತ್ತೈತಿ, ಬರ್ರಿ," ಎಂದು ಸೊಸೆ ಪದ್ಮಜಾ ಅಡಿಗೆಮನೆಯಿಂದ ಕೂಗಿದಳು.

"ಚಂಪಾ ಹೋದಳವ್ವಾ," ಎಂದೆ.

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಪರದೆಯನ್ನು ನೋಡಿದಳು. ಸೌಟನ್ನು ನೆಲದ ಮೇಲಿಟ್ಟು, ತಲೆಯ ಮೇಲೆ ಸೆರಗು ಹೊದ್ದುಕೊಂಡು, ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ನಮ್ಮ ಊರಿನಲ್ಲಿ ಹಿಂದಿರುಗಿದ ಕಾಗದ ನೋಡಿದ ಮೇಲೆ ಯಾರೂ ಏನೂ ಕೇಳುವುದಿಲ್ಲ.

ನಮ್ಮದು ಎರಡು ತುಂಡಾದ ಊರು. ನಡುವೆ ಒಂದು ಹರದಾರಿ ಬಯಲು. ಈಚೆಯಿಂದ ನೋಡಿದರೆ ಆಚೆಯವರ ಒಲೆಯ ಹೊಗೆ ಕಾಣುತ್ತದೆ, ಒಣಹಾಕಿದ ಸೀರೆಗಳ ಬಣ್ಣ ಕಾಣುತ್ತದೆ; ದನಿ ಮಾತ್ರ ಕೇಳುವುದಿಲ್ಲ. ಬಯಲನ್ನು ಯಾರು ಬೇಕಾದರೂ ಒಂದು ಸಲ ದಾಟಬಹುದು. ಎರಡನೆಯ ಸಲ ಆಗದು. ಆಚೆ ಹೋದವರು ಮರಳಿ ಈಚೆಗೆ ಹೊರಟರೆ, ಎಷ್ಟು ನಡೆದರೂ ಎದುರಿಗೆ ಬರುವುದು ತಾವು ಬಿಟ್ಟು ಬಂದ ಆ ಮನೆಗಳೇ. ಆದ್ದರಿಂದ ಜನ ಯೋಚಿಸಿ ದಾಟುತ್ತಾರೆ. ಹೆಚ್ಚಾಗಿ ಮದುವೆಯಾಗಿ ದಾಟುತ್ತಾರೆ, ಅಲ್ಲೊಬ್ಬರು ಇಲ್ಲೊಬ್ಬರು ಅಣ್ಣತಮ್ಮಂದಿರ ಮೇಲೆ ಮುನಿಸಿಕೊಂಡು ದಾಟುತ್ತಾರೆ. ನನ್ನ ಚಿಕ್ಕಂದಿನಲ್ಲಿ ವರ್ಷಕ್ಕೆ ಒಂದೋ ಎರಡೋ ದಿಬ್ಬಣ ಹೋಗುತ್ತಿತ್ತು. ಮದುಮಗಳ ಪೆಟ್ಟಿಗೆಯಲ್ಲಿ ಸೀರೆಗಿಂತ ಕಾಗದಗಳೇ ಹೆಚ್ಚು ಇರುತ್ತಿದ್ದವು. ಆಮೇಲೆ ಬಯಲಿನ ಮೇಲೆ ತಂತಿ ಎಳೆದರು. ಎರಡೂ ಕಡೆ ಅಂಚೆಮನೆಯಲ್ಲಿ ಒಂದೊಂದು ಮೇಲ್ ಸರ್ವರ್ ಇಟ್ಟರು. ಆ ತಂತಿಗೆ ಅಕ್ಷರ ಹೊರುವಷ್ಟೇ ಶಕ್ತಿ. ಚಿತ್ರವಾಗಲಿ ದನಿಯಾಗಲಿ ಅದರಲ್ಲಿ ಹೋಗದು. ಗಾಳಿ ಎದ್ದ ಹೊತ್ತಿನಲ್ಲಿ ಅಕ್ಷರವೂ ಹೋಗದು. ಗಾಳಿ ಬೀಳುವ ತನಕ ಕಾಗದಗಳು ಯಂತ್ರದಲ್ಲಿ ಸಾಲು ನಿಂತು ಕಾಯುತ್ತವೆ.

ಸಾವಿನ ಸುದ್ದಿಯನ್ನು ತಂತಿಯ ಮೇಲೆ ಬರೆದು ಕಳಿಸಬಾರದು ಎಂದು ಎರಡೂ ಕಡೆಯ ಹಿರಿಯರು ಮೊದಲೇ ಗೊತ್ತು ಮಾಡಿದ್ದರು. ಯಾರಾದರೂ ತೀರಿಕೊಂಡರೆ ಮನೆಯವರೋ ನೆರೆಯವರೋ ತಮ್ಮ ಅಂಚೆಮನೆಗೆ ಹೋಗಿ ಆ ಹೆಸರಿನ ಪೆಟ್ಟಿಗೆಯನ್ನು ಮುಚ್ಚಿಸುತ್ತಾರೆ. ಅಲ್ಲಿಂದ ಮುಂದೆ ಆ ಹೆಸರಿಗೆ ಬಂದ ಕಾಗದ ಹಿಂದಿರುಗುತ್ತದೆ. ನಾವು ಸ್ನಾನ ಮಾಡಿ ಸೂತಕ ಹಿಡಿಯುತ್ತೇವೆ.

ಚಂಪಾ ದಾಟಿದಾಗ ಅವಳಿಗೆ ಹತ್ತೊಂಬತ್ತು. ನನಗೆ ಇಪ್ಪತ್ತಮೂರು. ಗಡಿಕಲ್ಲಿನ ತನಕ ಕಳಿಸಲು ಹೋದವನು ನಾನೇ. "ಅಣ್ಣಾ, ನೀ ಯಾವಾಗ ಬರ್ತೀ?" ಎಂದಳು. "ಈ ದೀಪಾವಳಿ ಆಗಲಿ," ಎಂದೆ. ಅದನ್ನು ಹೇಳಿ ಐವತ್ತೊಂದು ವರ್ಷವಾಯಿತು. ಮೊದಲು ತಾಯಿ ಇದ್ದಳು, ಬಿಟ್ಟು ಹೋಗಲಾಗಲಿಲ್ಲ. ಆಮೇಲೆ ನನ್ನ ಮದುವೆ, ಮಗ, ಮುದ್ರಣಾಲಯ. ಹೆಂಡತಿ ಕುಸುಮಾವತಿ ಹನ್ನೆರಡು ವರ್ಷ ಹಾಸಿಗೆ ಹಿಡಿದಳು. ಅವಳು ಹೋಗಿ ಒಂದು ವರ್ಷ ತುಂಬಿದ ಮೇಲೆ ನನ್ನನ್ನು ಇಲ್ಲಿ ಹಿಡಿದಿಡುವ ಕೆಲಸ ಯಾವುದೂ ಉಳಿಯಲಿಲ್ಲ. ಆಚೆ ಚಂಪಾಳೂ ಒಬ್ಬಳೇ ಆಗಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ.

ಅವಳು ಎರಡೂ ಪಕ್ಷದ ಚತುರ್ದಶಿಗೆ ತಪ್ಪದೆ ಬರೆಯುತ್ತಿದ್ದಳು. ಅಂದು ಉಪವಾಸ, ಅಡಿಗೆ ಕೆಲಸವಿಲ್ಲ, ಕೈ ಖಾಲಿ ಎಂದು. ದೊಡ್ಡ ವಿಷಯ ಏನೂ ಇರುತ್ತಿರಲಿಲ್ಲ. ನೆರೆಮನೆಯ ಕರು ತನ್ನ ಸೀರೆಯ ಅಂಚು ಅಗಿದದ್ದು, ಹೆಸರುಕಾಳಿಗೆ ಹುಳು ಬಿದ್ದದ್ದು, ಹೊಸ ಕನ್ನಡಕದಲ್ಲಿ ಮೆಟ್ಟಿಲು ಎರಡಾಗಿ ಕಾಣುವುದು. ಒಂದು ಸಲ, "ಅಣ್ಣಾ, ನಿನಗ ಹಲ್ಲು ಎಷ್ಟು ಉಳದಾವ? ಖರೇ ಹೇಳು," ಎಂದು ಬರೆದಿದ್ದಳು. "ಒಂಬತ್ತು," ಎಂದು ಬರೆದೆ. "ನಂದು ಹದಿನಾಲ್ಕು, ನಾ ಗೆದ್ದೆ," ಎಂದು ಬಂತು. ಅವಳ ಹಲ್ಲು ಉದುರಿದ ಮುಖವನ್ನು ಕಲ್ಪಿಸಿಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದೇನೆ. ಕಣ್ಣ ಮುಂದೆ ಬರುವುದು ಆ ಹತ್ತೊಂಬತ್ತರ ಮುಖವೇ.

ಹಿಂದಿರುಗಿದ ಕಾಗದದಲ್ಲಿ ನಾನು ಬರೆದದ್ದು ಇಷ್ಟು: "ಚಂಪಾ, ಹುಣ್ಣಿಮೆ ಕಳೆದ ಮೇಲೆ ತದಿಗೆಯ ದಿನ ಇಲ್ಲಿಂದ ಒಂದು ದಿಬ್ಬಣ ಹೊರಡುತ್ತದೆ. ಅದರ ಜೊತೆ ನಾನು ಬರುತ್ತಿದ್ದೇನೆ. ಸೂರ್ಯ ಮುಳುಗುವ ಮೊದಲು ಊಟಕ್ಕೆ ಸೇರುತ್ತೇನೆ. ಹೆಚ್ಚೇನೂ ಮಾಡಬೇಡ."

ಮದುವೆಯಾಗಿ ಹೋದ ಹೆಣ್ಣುಮಗಳಿಗೆ ನಮ್ಮಲ್ಲಿ ಮೂರು ದಿನದ ಸೂತಕ. ನಾನು ಬಸದಿಯ ಒಳಗೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕುಳಿತು ನಮೋಕಾರ ಮಂತ್ರ ಎಣಿಸಿದೆ. ಎರಡನೆಯ ದಿನ ತಿಳಿಯಿತು, ಊರಿನಲ್ಲಿ ಸೂತಕ ಹಿಡಿದದ್ದು ನನ್ನ ಮನೆಯೊಂದೇ ಅಲ್ಲ. ಅದೇ ಸಂಜೆ ಕಳಿಸಿದ ಹನ್ನೊಂದು ಕಾಗದಗಳು ಹನ್ನೊಂದು ಮನೆಗೆ ಹಿಂದಿರುಗಿದ್ದವು. ಆಚೆ ಊರಿಗೆ ಏನೋ ಕೆಟ್ಟ ಬೇನೆ ಬಂದಿದೆ ಎಂದು ಸುದ್ದಿಯಾಯಿತು. ಅಂದಿನಿಂದ ಯಾರೂ ಆಚೆಗೆ ಕಾಗದ ಬರೆಯಲಿಲ್ಲ. ಬರೆದರೆ ತಾನೇ ಹಿಂದಿರುಗುವುದು? ಬರೆಯದಿದ್ದರೆ ತಮ್ಮವರು ಬದುಕಿದ್ದಾರೆ ಎಂದುಕೊಳ್ಳಬಹುದು. ದಿಟ್ಟ ಜನ ಎನಿಸಿಕೊಂಡವರೂ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ ಕುಳಿತರು.

ಇಲ್ಲಿ ಅಂಚೆಮನೆಯ ಸಂಗತಿ ಹೇಳಬೇಕು. ಅದನ್ನು ನೋಡಿಕೊಳ್ಳುವವಳು ಮಾಲನಬಿ, ಐವತ್ತು ದಾಟಿದ ಹೆಣ್ಣುಮಗಳು. ಸರ್ವರಿನ ಹಳೆಯ ಯಂತ್ರ ಮೂವತ್ತು ವರ್ಷ ನಡೆದು ದಣಿದಿತ್ತು. ಅದರ ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ. ಹೊಸ ಯಂತ್ರ ತರಿಸಿದರು. ಆದರೆ ಅದರ ಆಪರೇಟಿಂಗ್ ಸಿಸ್ಟಮ್ ಬೇರೆ. ನಮ್ಮ ಮೇಲ್ ಸಾಫ್ಟ್‌ವೇರ್ ಅದರ ಮೇಲೆ ಏಳಲೊಲ್ಲದು. ಮಾಲನಬಿ ಒಂಬತ್ತು ತಿಂಗಳು ಕುಳಿತು ಅದನ್ನು ಸಾಲು ಸಾಲಾಗಿ ಬಿಚ್ಚಿ ಹೊಸ ಯಂತ್ರಕ್ಕೆ ಒಗ್ಗಿಸಿದಳು. "ಏನು ಕೆಲಸವಾ ಅದು?" ಎಂದು ನಾನೊಮ್ಮೆ ಕೇಳಿದ್ದೆ. "ಬ್ಯಾರೆ ಮನಿಗೆ ಹೋಗಿ ಅಡಿಗಿ ಮಾಡಿದಂಗ ಕಾಕಾ," ಎಂದಳು. "ಒಲಿ ಬ್ಯಾರೆ, ನೀರು ಬ್ಯಾರೆ, ಉಪ್ಪಿನ ಡಬ್ಬಿ ಎಲ್ಲೈತೋ ಗೊತ್ತಿಲ್ಲ. ಉಣ್ಣೋರಿಗೆ ಮಾತ್ರ ರುಚಿ ಅದೇ ಬೇಕು." ಒಂದು ತಿಂಗಳು ಈಚೆ ಊರಿನೊಳಗೇ ಕಾಗದ ಕಳಿಸಿ ತರಿಸಿ ಪರೀಕ್ಷೆ ಮಾಡಿದಳು. ಒಂದೂ ತಪ್ಪಲಿಲ್ಲ. ಷಷ್ಠಿಯ ಮಧ್ಯಾಹ್ನ ಹಳೆಯ ಯಂತ್ರಕ್ಕೆ ಹೂವೇರಿಸಿ ನಿಲ್ಲಿಸಿದರು. ಹೊಸದನ್ನು ತಂತಿಗೆ ಹಚ್ಚಿದರು. ಅಂದು ಸಂಜೆಯೇ ನಾನು ಕಾಗದ ಕಳಿಸಿದ್ದು.

ದಶಮಿಯ ದಿನ, ನನ್ನ ಸೂತಕ ಕಳೆದ ಬೆಳಿಗ್ಗೆ, ಬೀದಿಯಲ್ಲಿ ಕೂಗು ಕೇಳಿತು. ಹೊರಗೆ ಬಂದು ನೋಡಿದರೆ ಬಣ್ಣಗಾರ ತುಕಾರಾಮ. ಆಚೆ ಊರಿನ ಅಣ್ಣ ಜ್ಞಾನೋಬಾ ಸತ್ತನೆಂದು ಮೀಸೆ ಬೋಳಿಸಿಕೊಂಡಿದ್ದವನು, ಕೈಯಲ್ಲಿ ಒಂದು ಹಾಳೆ ಹಿಡಿದು, ನೀಲಿ ಬಣ್ಣದ ಕಾಲಿನಲ್ಲೇ ಓಡಿ ಬರುತ್ತಿದ್ದ.

"ಬದುಕ್ಯಾನ್ರೀ! ನಮ್ಮ ಅಣ್ಣ ಬದುಕ್ಯಾನ! ನೋಡ್ರಿ, ಬೈದು ಬರದಾನ!"

ಹಾಳೆಯನ್ನು ನಾನೇ ಓದಿದೆ. "ತುಕ್ಯಾ, ನಾಲ್ಕು ದಿನ ಆತು ನಿನ್ನ ಕಾಗದಿಲ್ಲ. ಸತ್ತೀ ಏನು? ಸಾಯೂದಿದ್ರ ನನಗ ಕೊಡಬೇಕಾದ ತಾಮ್ರದ ಹಂಡೆ ದಿಬ್ಬಣದ ಜೋಡಿ ಕಳಿಸಿ ಸಾಯಿ." ಅಣ್ಣನ ಮಾತು ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಅಷ್ಟರಲ್ಲಿ ಮಾಲನಬಿಯೂ ಬಂದಳು. ಕಾಗದ ನೋಡಿ ಅವಳ ಮುಖ ಬಿಳಿಚಿತು. ತುಕಾರಾಮ ನಗುತ್ತಲೂ ಅಳುತ್ತಲೂ ಅವಳ ಮುಂದೆ ತುಟಿ ತೋರಿಸಿದ. "ನಿನ್ನ ಯಂತ್ರ ನನ್ನ ಮೀಸಿ ತಿಂದಿತಲ್ಲವಾ! ಮೂವತ್ತು ವರ್ಷದ ಮೀಸಿ! ಅದನ್ನ ಯಾರು ಕೊಡ್ತಾರ?"

"ಮೀಸಿ ತಾನಾ ಬೆಳೀತೈತಿ ತುಕಾರಾಮಣ್ಣ," ಎಂದಳು. "ಅಣ್ಣ ಬೆಳೀತಿದ್ದನೇನು?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ನೇರ ಅಂಚೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ಗಾಳಿ ಎದ್ದಾಗ ಕಾಗದ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಹಿಂದಿನವರು ಸಾಫ್ಟ್‌ವೇರಿನಲ್ಲಿ 'ಮೂವತ್ತು' ಎಂದು ಬರೆದಿಟ್ಟಿದ್ದರು. ಹಳೆಯ ಯಂತ್ರ ಅದನ್ನು ಮೂವತ್ತು ದಿನ ಎಂದು ಎಣಿಸುತ್ತಿತ್ತು. ಹೊಸದು ಮೂವತ್ತು ಸೆಕೆಂಡು ಎಂದು ಎಣಿಸಿತು. ಷಷ್ಠಿಯ ಸಂಜೆ ಬಯಲಿನಲ್ಲಿ ಗಾಳಿ ಎದ್ದಿತ್ತು. ಮೂವತ್ತು ಸೆಕೆಂಡು ಕಾದು ಯಂತ್ರ ಎಲ್ಲ ಕಾಗದಗಳನ್ನೂ ಹಿಂದಿರುಗಿಸಿಬಿಟ್ಟಿತು. ಈಚೆ ಊರಿನೊಳಗೆ ಕಾಗದ ಕಾಯುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ ತಿಂಗಳ ಪರೀಕ್ಷೆಯಲ್ಲಿ ಇದು ಕಾಣಲಿಲ್ಲ. ಇನ್ನೊಂದು ಮಾತು: ಮೂವತ್ತು ದಿನ ಸತತವಾಗಿ ಗಾಳಿ ಬೀಸಿದ್ದು ನಮ್ಮ ನೆನಪಿನಲ್ಲೇ ಇಲ್ಲ. ಹಾಗಾಗಿ ಕಾದು ಕಾದು ಹಿಂದಿರುಗಿದ ಕಾಗದವನ್ನು ನಾವು ಕಂಡೇ ಇರಲಿಲ್ಲ. ಹಿಂದಿನವರು ಪೆಟ್ಟಿಗೆ ಮುಚ್ಚಿದ್ದಕ್ಕೂ ಕಾದು ಸೋತದ್ದಕ್ಕೂ ಅದೊಂದೇ ವಾಕ್ಯ ಇಟ್ಟಿದ್ದರು. ಮಾಲನಬಿಯೂ ಅದನ್ನು ಇದ್ದ ಹಾಗೆ ಇಳಿಸಿಕೊಂಡಿದ್ದಳು.

ಅಂದು ಇಳಿಹೊತ್ತಿನಲ್ಲಿ ಅವಳು ಹನ್ನೊಂದೂ ಮನೆಗಳ ಹೊಸಿಲಿಗೆ ನಡೆದು ಹೋದಳು. ಯಾರನ್ನೂ ಕಳಿಸಲಿಲ್ಲ. ಹತ್ತು ಮನೆಗಳಲ್ಲಿ ತಪ್ಪು ನನ್ನದು ಎಂದು ಹೇಳಿ, ಕಾಗದವನ್ನು ಮತ್ತೆ ಕಳಿಸಿದ್ದೇನೆ ಎಂದಳು. ಒಬ್ಬರು ಅವಳಿಗೆ ಬೈದರು. ಒಬ್ಬ ಮುದುಕಿ ಅವಳ ಬಾಯಿಗೆ ಸಕ್ಕರೆ ಹಾಕಿದಳು. ನಮ್ಮ ಮನೆಗೆ ಬಂದದ್ದು ಕೊನೆಗೆ. ನಾನು ಸೂರ್ಯ ಮುಳುಗುವ ಮೊದಲಿನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ.

"ಕಾಕಾ, ನಿಮ್ಮ ಕಾಗದ ಇನ್ನೂ ಕಳಸಿಲ್ಲ. ನಿಮ್ಮನ್ನ ಕೇಳಿ ಕಳಸೋಣಂತ ಬಂದೆ. ಯಂತ್ರದಾಗ ಲಾಗ್ ಅಂತ ಒಂದು ಫೈಲ್ ಇರತೈತಿ. ಯಾವ ಕಾಗದ ಯಾಕ ತಿರುಗಿ ಬಂತು ಅನ್ನೂದು ಅದರಾಗ ಬರದಿರತೈತಿ..."

"ನೀ ನೋಡೀಯೇನು?"

ಅವಳು ಸೆರಗಿನ ತುದಿ ಹಿಡಿದು ನಿಂತಳು. ನಾನು ಅವಳಿಗೆ ಉತ್ತರ ಕೊಡಲು ಬಿಡಲಿಲ್ಲ.

"ನನಗ ಹೇಳಬ್ಯಾಡವಾ. ಕಾಗದನೂ ಈಗ ಕಳಿಸಬ್ಯಾಡ. ನಾಕು ದಿನಕ್ಕ ಚತುರ್ದಶಿ. ಚಂಪಾ ಅಂದು ಬರೀತಾಳ. ಬರದರ ಬರಲಿ. ಅಲ್ಲೀತನಕ ಏನೂ ಹೇಳಬ್ಯಾಡ."

"ಆಗಲಿ ಕಾಕಾ," ಎಂದು ಹೊರಟುಹೋದಳು.

ನನಗೆ ಎಪ್ಪತ್ತನಾಲ್ಕು ವರ್ಷ. ಮೋಹವೇ ಬಂಧನ ಎಂದು ಬಸದಿಯಲ್ಲಿ ಎಷ್ಟು ಪ್ರವಚನ ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಆ ನಾಲ್ಕು ದಿನಗಳನ್ನು ನಾನು ಬೇಡಿ ಪಡೆದೆ. ಹನ್ನೊಂದು ಕಾಗದಗಳಲ್ಲಿ ಹತ್ತು ಸುಳ್ಳಾದರೆ ಹನ್ನೊಂದನೆಯದೂ ಸುಳ್ಳಾಗಬಹುದಲ್ಲ! ಏಕಾದಶಿಯ ದಿನ ಮೂರು ಮನೆಗೆ ಆಚೆಯಿಂದ ಉತ್ತರ ಬಂದವು, ದ್ವಾದಶಿಗೆ ಐದು ಮನೆಗೆ, ತ್ರಯೋದಶಿಯ ಬೆಳಿಗ್ಗೆ ಉಳಿದ ಎರಡು ಮನೆಗೆ. ಪ್ರತಿ ಸಲ ಬೀದಿಯಲ್ಲಿ ನಗು ಕೇಳಿದಾಗ ನಾನು ಚೀಲಕ್ಕೆ ಇನ್ನೊಂದು ವಸ್ತು ಸೇರಿಸಿದೆ. ಎರಡು ಧೋತರ, ಜಪಮಾಲೆ, ಚಂಪಾಳಿಗೆಂದು ಒಂದು ಕಂದು ಅಂಚಿನ ಸೀರೆ. ಸೀರೆ ಆರಿಸುವಾಗ ಅಂಗಡಿಯವನು "ಎಷ್ಟು ವಯಸ್ಸಿನವರಿಗ್ರಿ?" ಎಂದು ಕೇಳಿದ. ಹತ್ತೊಂಬತ್ತು ಎಂದು ಬಾಯಿಗೆ ಬಂದದ್ದನ್ನು ತಡೆದು, "ನನ್ನ ತಂಗಿಗೆ," ಎಂದೆ.

ಪದ್ಮಜಾ ಚೀಲ ನೋಡಿಯೂ ನೋಡದ ಹಾಗೆ ಎರಡು ದಿನ ಇದ್ದಳು. ತ್ರಯೋದಶಿಯ ಮಧ್ಯಾಹ್ನ ಅಕ್ಕಿ ಆರಿಸುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ಮಾವಾರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಚಂಪಾ ಅತ್ತೀ ಬದುಕಿದ್ರ ನೀವು ಹೋಗ್ತೀರಿ. ಹೋದ್ರ ನಮಗ ನೀವಿಲ್ಲ. ಹೌದಲ್ರಿ?"

"ಕಾಗದ ಬರೀತೀನಲ್ಲವಾ."

"ಕಾಗದ!" ಎಂದು ಮೊರವನ್ನು ಕೆಳಗಿಟ್ಟಳು. "ಕಾಗದ ಬಂದು ನನ್ನ ಸಾರಿಗೆ ಉಪ್ಪು ಕಡಿಮಿ ಅಂತದೇನು? ನಿಮ್ಮ ಮಗ ಬಾಯಿ ಬಿಟ್ಟು ಹೇಳೂದಿಲ್ಲ. ಎರಡು ರಾತ್ರಿ ಆತು, ಊಟ ಸೇರವಲ್ದು ಅವರಿಗೆ. ನಾನಂತೂ..." ಅವಳು ಮತ್ತೆ ಮೊರ ಎತ್ತಿಕೊಂಡಳು. "ನಾನಂತೂ ಅತ್ತೀ ಬದುಕಿರಲಿ ಅಂತ ದಿನಾ ಕೈ ಮುಗೀತೀನಿ. ಮುಗದ ಮ್ಯಾಲ, ಅಯ್ಯೋ, ಏನು ಬೇಡಿಕೊಂಡೆ ಅಂತ ಹೆದರಿಕಿ ಆಗ್ತೈತಿ."

ನಾನು ಅವಳ ಪಕ್ಕ ಕುಳಿತು ಒಂದು ಹಿಡಿ ಅಕ್ಕಿ ತೆಗೆದುಕೊಂಡು ಕಲ್ಲು ಆರಿಸಿದೆ. ನನ್ನ ಕಣ್ಣಿಗೆ ಕಲ್ಲು ಯಾವುದು ಅಕ್ಕಿ ಯಾವುದು ಎಂದು ತಿಳಿಯಲಿಲ್ಲ. ನಾನು ಬದಿಗಿಟ್ಟ ಅಕ್ಕಿಯನ್ನೆಲ್ಲ ಅವಳು ಸದ್ದಿಲ್ಲದೆ ಮತ್ತೆ ಮೊರಕ್ಕೆ ಹಾಕಿಕೊಂಡಳು.

ಚತುರ್ದಶಿ ಬಂತು. ಉಪವಾಸವಿದ್ದೆ. ಬೆಳಿಗ್ಗೆ ಗಾಳಿ ಬಿದ್ದು ಬಯಲು ತಿಳಿಯಾಗಿತ್ತು. ಆಚೆಯ ಮನೆಗಳ ಹೊಗೆ ನೆಟ್ಟಗೆ ಏಳುತ್ತಿತ್ತು. ಮಾಳಿಗೆಯ ಮೇಲೆ ನಿಂತು ಅವುಗಳಲ್ಲಿ ಚಂಪಾಳ ಮನೆಯದು ಯಾವುದು ಎಂದು ಹುಡುಕಿದೆ. ಇಂದು ಅವಳ ಒಲೆ ಹೊಗೆಯುವುದಿಲ್ಲ, ಉಪವಾಸವಲ್ಲವೇ ಎಂದು ನೆನಪಾಗಿ ಕೆಳಗಿಳಿದೆ. ಇಡೀ ದಿನ ಪರದೆಯ ಮುಂದೆ ಇದ್ದೆ. ಬಯಲಿನಾಚೆಯಿಂದ ಊರಿಗೆಲ್ಲ ಕಾಗದ ಬಂದವು. ತುಕಾರಾಮನಿಗೆ ಹಂಡೆಯ ವಿಷಯದಲ್ಲಿ ಮತ್ತೊಂದು ಬೈಗುಳ ಬಂತೆಂದು ಪದ್ಮಜಾ ಹೇಳಿದಳು. ನನಗೆ ಬರಲಿಲ್ಲ. ಕನ್ನಡಕ ಒಡೆದಿರಬಹುದು ಎಂದುಕೊಂಡೆ. ಜ್ವರ ಬಂದಿರಬಹುದು. ನಾನು ಬರುತ್ತೇನೆಂಬ ಕಾಗದ ತಲುಪಲಿಲ್ಲವಾದ್ದರಿಂದ ಮುನಿಸಿಕೊಂಡಿರಬಹುದು. ಹೇಳದೆ ಇದ್ದ ಮಾತಿಗೆ ಯಾರು ಮುನಿಯುತ್ತಾರೆ ಎಂದು ಆಮೇಲೆ ಹೊಳೆಯಿತು. ಸಂಜೆಯಾಯಿತು.

ಹುಣ್ಣಿಮೆಯ ಬೆಳಿಗ್ಗೆ ಪಾರಣೆ ಮಾಡಿ ಅಂಚೆಮನೆಗೆ ಹೋದೆ. ಮಾಲನಬಿ ಹೊಸ ಯಂತ್ರದ ಮುಂದೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಕುರ್ಚಿ ಒರೆಸಿದಳು. ಚತುರ್ದಶಿಯ ಕಾಗದದ ಮಾತನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

"ನೀವೇ ಬಂದದ್ದು ಚಲೋ ಆತು ಕಾಕಾ. ಹಿರ್ಯಾರು ಒಂದು ಕೆಲಸ ಹೇಳ್ಯಾರ. ಗಾಳಿಗೆ ತಿರುಗಿ ಬಂದ ಕಾಗದಕ್ಕ ಒಂದು ಮಾತು ಇರಬೇಕು, ಮುಚ್ಚಿದ ಪೆಟ್ಟಿಗಿಗೆ ಬ್ಯಾರೆ ಮಾತು ಇರಬೇಕು ಅಂತ. ಮೊದಲಿಂದು ನಾನಾ ಬರದೆ, 'ಗಾಳಿ ಐತಿ, ನಾಳೆ ಕಳಸ್ರಿ' ಅಂತ. ಎರಡನೇದು ನನಗ ಬರ್ಯಾಕ ಆಗವಲ್ದು. ಮೂರು ದಿನ ಆತು, ಬರೀತೀನಿ, ಅಳಸ್ತೀನಿ. ನೀವು ನಲವತ್ತು ವರ್ಷ ಊರಿನ ಮಾತು ತಿದ್ದಿದವರು. ನೀವು ಬರೀರಿ."

ಹಾಳೆ ಕೊಟ್ಟಳು. ಪೆನ್ಸಿಲ್ ಕೊಟ್ಟಳು. ನಾನು ಯೋಚಿಸಿದೆ. ಊರಿನಲ್ಲಿ ಎಲ್ಲ ಮತದವರೂ ಇದ್ದಾರೆ. ಒಬ್ಬರ ದೇವರ ಹೆಸರು ಇನ್ನೊಬ್ಬರ ದುಃಖದ ಮೇಲೆ ಬರಬಾರದು. ಸುಳ್ಳು ಇರಬಾರದು, ಒರಟೂ ಆಗಬಾರದು. ಬೆಳಿಗ್ಗೆ ಎದ್ದು ಹಾಲು ಕಾಯಿಸುವ ಮೊದಲೇ ಯಾರೋ ಇದನ್ನು ಓದುತ್ತಾರೆ. ಮೂರು ಸಲ ಬರೆದು ಹೊಡೆದೆ. ನಾಲ್ಕನೆಯ ಸಲ ಬರೆದದ್ದನ್ನು ಅವಳ ಕೈಗೆ ಕೊಟ್ಟೆ. ಅವಳು ಮನಸ್ಸಿನಲ್ಲೇ ಓದಿಕೊಂಡು ಸೆರಗಿನಿಂದ ಕಣ್ಣೊತ್ತಿದಳು. ಒಂದೂ ಅಕ್ಷರ ಬದಲಿಸದೆ ಯಂತ್ರದಲ್ಲಿ ಕೂಡಿಸಿದಳು.

"ಆತಲ್ಲವಾ?" ಎಂದು ಏಳಹೋದೆ.

"ಇಲ್ಲ ಕಾಕಾ. ಪರೀಕ್ಷೆ ಮಾಡದ ಇನ್ನ ಮ್ಯಾಲ ಏನೂ ಬಿಡಂಗಿಲ್ಲ ಅಂತ ಆಣಿ ಮಾಡೀನಿ. ಮುಚ್ಚಿದ ಪೆಟ್ಟಿಗಿಗೆ ಒಂದು ಕಾಗದ ಕಳಿಸಿ ನೋಡಬೇಕು. ಆಚೀ ಕಡೆ ಈ ವರ್ಷ ಮುಚ್ಚಿದ್ದು ಆರೇಳು ಇರಬಹುದು. ಯಾವುದಾರ ಹಳೇದಕ್ಕ ನಾನಾ ನಾಕು ಅಕ್ಷರ ಬರದು ಕಳಿಸ್ತೀನಿ. ನೀವು ಮನಿಗೆ ನಡೀರಿ, ಬಿಸಲಾಗತೈತಿ."

"ಬ್ಯಾರೇದ್ದು ಯಾಕ? ನನ್ನ ಕಾಗದ ಇಲ್ಲೇ ಐತೆಲ್ಲ, ಕಳಸದ ಇಟ್ಟದ್ದು. ಅದನ್ನ ಕಳಿಸು."

"ಅದು ಬ್ಯಾಡ್ರಿ ಕಾಕಾ," ಎಂದಳು.

ಅವಳ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಯಂತ್ರದ ಫ್ಯಾನು ಸುಯ್ಯೆನ್ನುತ್ತಿತ್ತು.

ನಾನು ಮೆಲ್ಲಗೆ ಹೇಳಿದೆ: "ಮಾಲನಬಿ, ಚಂಪಾ ಇದ್ದಿದ್ದರ ನೀನು ಏನು ಅನ್ನತಿದ್ದಿ? 'ಆ ಕಾಗದ ಹೋಗಿ ಮುಟ್ಟತೈತಿ ಕಾಕಾ, ಅದು ಪರೀಕ್ಷೆಗೆ ಬರಂಗಿಲ್ಲ' ಅನ್ನತಿದ್ದಿ. ನಗತಿದ್ದಿ. ನೀ ಹಾಂಗ ಅನ್ನಲಿಲ್ಲ."

ಅವಳು ತಲೆ ಎತ್ತಲಿಲ್ಲ. "ಹತ್ತು ಕಾಗದಕ್ಕ ಗಾಳಿ ಅಂತ ಬರದೈತ್ರಿ ಆ ಲಾಗ್ ಫೈಲಿನ್ಯಾಗ," ಎಂದಳು. "ನಿಮ್ಮದು ಆಚೀ ದಡ ಮುಟ್ಟಿತ್ತು. ಎಲ್ಲಾಕಿಂತ ಮೊದಲು ಹೋದ ಕಾಗದ ಅದು, ಗಾಳಿ ಏಳೂದಕ್ಕಿಂತ ಮೊದಲು. ಪೆಟ್ಟಿಗಿ ಮುಚ್ಚಿತ್ತು ಕಾಕಾ. ದಶಮಿ ದಿನಾನ ನೋಡಿದ್ದೆ. ಹೇಳ್ಯಾಕ ಬಂದಿದ್ದೆ. ನೀವು ಬ್ಯಾಡ ಅಂದ್ರಿ."

"ಹೌದು. ನಾನಾ ಬ್ಯಾಡ ಅಂದೆ."

ಅವಳು ಗಡಿಗೆಯಿಂದ ನೀರು ಕೊಟ್ಟಳು. ಕುಡಿದೆ. ಕಿಟಕಿಯಿಂದ ಬಯಲು ಕಾಣುತ್ತಿತ್ತು, ಅದರ ಮೇಲೆ ತಂತಿ. ಐವತ್ತೊಂದು ವರ್ಷದಲ್ಲಿ ಯಾವ ದಿನ ಬೇಕಾದರೂ ನಾನು ಇದನ್ನು ದಾಟಬಹುದಿತ್ತು. ಅರ್ಧ ದಿನದ ನಡಿಗೆಯೂ ಅಲ್ಲ.

"ಕಳಿಸವಾ," ಎಂದೆ. "ಆ ಕಾಗದ ಬರದದ್ದು ಆಕಿಗೆ. ಆಕಿ ಹೆಸರಿನ ಮ್ಯಾಲೆ ಹೋಗಿ ಬರಲಿ."

ಅವಳು ಕಳಿಸಿದಳು. ಗಾಳಿ ಇರಲಿಲ್ಲ. ನಾನು ನೀರಿನ ಲೋಟ ಕೆಳಗಿಡುವಷ್ಟರಲ್ಲಿ ಕಾಗದ ಹೋಗಿ, ಮುಚ್ಚಿದ ಬಾಗಿಲು ಮುಟ್ಟಿ, ಹಿಂದಿರುಗಿ ಬಂತು. ಮಾಲನಬಿ ಪರದೆಯನ್ನು ನನ್ನ ಕಡೆ ತಿರುಗಿಸಿ ತಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು. ನಾನೇ ಬರೆದ ಮಾತನ್ನು ನನಗೆ ಬಂದ ಕಾಗದದ ಮೇಲೆ ನಾನು ಓದಿದೆ. ಅರ್ಧ ಗಳಿಗೆಯ ಹಿಂದೆ ಹಾಳೆಯ ಮೇಲೆ ಬರೆಯುವಾಗ ಅದು ಯಾರ ಮನೆಗೋ ಹೋಗಲಿಕ್ಕಿದ್ದ ಮಾತಾಗಿತ್ತು.

ತದಿಗೆಯ ದಿನ ದಿಬ್ಬಣ ನಾನಿಲ್ಲದೆ ಹೋಯಿತು. ಮದುಮಗಳು ನಮ್ಮ ಬೀದಿಯವಳೇ. ನನ್ನ ಕಾಲಿಗೆ ಬಿದ್ದು, ಏನಾದರೂ ತಲುಪಿಸಬೇಕೇ ಎಂದು ಕೇಳಿದಳು. ಕೊಡುವುದಕ್ಕೆ ಯಾರಿದ್ದಾರೆ ಮಗಳೇ ಎಂದೆ. ಸೀರೆಯನ್ನು ಪದ್ಮಜಾ ಉಟ್ಟಳು. ಅಂದು ಅವಳ ಸಾರಿಗೆ ಉಪ್ಪು ಸರಿಯಾಗಿತ್ತು. ಆದರೂ ಕಡಿಮೆ ಎಂದೆ. ಅವಳು ಉಪ್ಪಿನ ಬಟ್ಟಲು ತರಲು ಒಳಗೆ ಹೋಗಿ ಬ​ಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ಪ್ರತಿ ಚತುರ್ದಶಿ ಬಸದಿಯಲ್ಲಿ ಶಾಂತಿನಾಥ ಸ್ವಾಮಿಯ ಎದುರಿಗೆ ಕುಳಿತಾಗ ಅಂಚೆಮನೆಯ ಆ ಮಾತುಗಳನ್ನೇ ನನ್ನ ತಂಗಿಯ ಹೆಸರು ಸೇರಿಸಿ, ಅವಳಿಗೇ ಹೇಳುವ ಹಾಗೆ ಹೇಳುತ್ತೇನೆ. ಬೇರೆ ಪ್ರಾರ್ಥನೆ ನನಗೆ ತೋಚುವುದಿಲ್ಲ. ಚಂಪಾ, ನೀನು ಇದ್ದ ಮನೆಯನ್ನು ಬಿಟ್ಟು ಹೊರಟಿದ್ದೀಯೆ. ನಿನಗೆ ಬರೆದ ಪ್ರೀತಿ ಬರೆದವರ ಬಳಿಗೇ ಮರಳಿದೆ, ಅದು ವ್ಯರ್ಥವಾಗಿಲ್ಲ. ನೀನು ಹೋಗುವ ದಾರಿಯಲ್ಲಿ ಬಿಸಿಲು ಕಡಿಮೆಯಿರಲಿ. ಅಲ್ಲಿ ಯಾರೂ ನಿನ್ನನ್ನು ಕಾಯಿಸದಿರಲಿ. ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ.